ಮಗು ಒಳಗೆ, ನಾನು ಹೊರಗೆ

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಬಿಪಿ ಏರಿತು ಅಂತ 31ನೇ ವಾರಕ್ಕೇ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, 1,380 ಗ್ರಾಂ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ಐಸಿಯುನಲ್ಲಿದೆ. ಇವತ್ತಿಗೆ ಒಂಬತ್ತು ದಿನ. ತೂಕ 1,290ಕ್ಕೆ ಇಳಿದಿದೆ. ನನ್ನನ್ನು ಡಿಸ್ಚಾರ್ಜ್ ಮಾಡಿದರು, ಊರಿಗೆ ಬಂದಿದ್ದೇನೆ. ಬಾಣಂತಿ ಗಾಳಿಗೆ ಹೋಗಬಾರದು ಅಂತ ಅತ್ತೆ ಕಳಿಸುತ್ತಿಲ್ಲ. ನಮ್ಮ ಮನೆಯವರು ಆಸ್ಪತ್ರೆಯ ಬೆಂಚಿನ ಮೇಲೇ ಮಲಗುತ್ತಾರೆ. ಒಮ್ಮೆ ಒಳಗೆ ಹೋದಾಗ ವೈರು, ಪೈಪು ನೋಡಿ ಮುಟ್ಟಲು ಧೈರ್ಯ ಬರಲಿಲ್ಲ. ಇದು ನನ್ನ ಮಗು ಅಂತಲೇ ಅನಿಸುತ್ತಿಲ್ಲ. ಪಪ್ಪಾಯಿ ತಿಂದಿದ್ದಕ್ಕೆ ಹೀಗಾಯಿತು ಅಂತ ನೋಡಲು ಬಂದವರೆಲ್ಲ ಹೇಳುತ್ತಾರೆ. ನಾನೇನು ಮಾಡಲಿ?
– ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ತಂಗಿ, ಪತ್ರ ಬಂದ ದಿನವೇ ನಿನಗೆ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ನಿನ್ನ ಹಾಗೆ ಮನೆಯಲ್ಲಿ ಕೂತು ಅಳುತ್ತಿರುವವರು ಇನ್ನೂ ಎಷ್ಟೋ ಜನ ಇದ್ದಾರೆ.

ನೀನು ಮಗುವಿನ ಹತ್ತಿರ ಇರಬೇಕು. ನೋಡಿಕೊಂಡು ಬರುವುದಕ್ಕಲ್ಲ, ಅಲ್ಲಿ ನಿನ್ನಿಂದ ಮಾತ್ರ ಆಗುವ ಕೆಲಸ ಇದೆ. ನಾನು ಎನ್‌ಐಸಿಯುನಲ್ಲಿ ನರ್ಸ್ ಆಗಿದ್ದವಳು. ಹೆತ್ತವಳನ್ನು ಹತ್ತು ನಿಮಿಷ ಒಳಗೆ ಬಿಟ್ಟು, ಗಡಿಯಾರ ನೋಡಿ ಹೊರಗೆ ಕಳಿಸುವ ಪದ್ಧತಿ ನನಗೆ ಎಂದೂ ಸರಿ ಕಂಡಿಲ್ಲ.

ಮೊದಲನೆಯದು ಹಾಲು. 31 ವಾರದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಅದು ಕೂಡಿಬರುವುದು ಸುಮಾರು 34 ವಾರ ತುಂಬಿದಾಗ. ಅಲ್ಲಿಯವರೆಗೆ ಸಣ್ಣ ನಳಿಕೆಯಲ್ಲಿ ಹೊಟ್ಟೆಗೆ ಹಾಲು ಬಿಡುತ್ತಾರೆ. ಬೇಗ ಹೆತ್ತವರ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನ್ ಜಾಸ್ತಿ ಇರುತ್ತದೆ. ಇಂಥ ಮಗುವಿಗೆ ಬೇಕಾದದ್ದೂ ಅದೇ. ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಿ ತೆಗೆ. ರಾತ್ರಿ ಒಂದು ಸಲವಾದರೂ ಏಳಲೇಬೇಕು. ಶುರುವಿನಲ್ಲಿ ಬರೀ ಒಂದೆರಡು ಚಮಚ ಬಂದರೆ ಹಾಲೇ ಇಲ್ಲ ಅಂದುಕೊಳ್ಳಬೇಡ. ಅಷ್ಟನ್ನೇ ತೆಗೆದುಕೊಂಡು ಹೋಗಿ ಸಿಸ್ಟರ್ ಕೈಗೆ ಕೊಡು. ಆಗ ಅವರ ಮುಖ ನೋಡು, ಅವರಿಗೆ ಅದರ ಬೆಲೆ ಗೊತ್ತು.

ಎರಡನೆಯದು ಎದೆಗವಚಿ ಹಿಡಿಯುವುದು. ಕಾಂಗರೂ ಆರೈಕೆ ಅಂತ ಕೇಳಿರಬಹುದು. ಮಗುವಿಗೆ ಡೈಪರ್, ಟೋಪಿ, ಕಾಲುಚೀಲ ಮಾತ್ರ ಹಾಕಿ ನಿನ್ನ ಬರಿ ಎದೆಯ ಮೇಲೆ ನೇರವಾಗಿ ಮಲಗಿಸಿ ಬಟ್ಟೆ ಸುತ್ತುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಇದ್ದಾಗ ಡಾಕ್ಟರುಗಳು ಇದನ್ನು ಶುರು ಮಾಡಿದರು. 2021ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳು ಅದರಲ್ಲಿದ್ದವು. ಒಂದು ಕಿಲೋದಿಂದ 1.8 ಕಿಲೋ ಒಳಗಿನ ಮಕ್ಕಳಿಗೆ, ಪೂರ್ತಿ ಚೇತರಿಸಿಕೊಳ್ಳಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಹೀಗೆ ಮಾಡಿದಾಗ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ನಿನ್ನ ಮಗಳ ತೂಕ ಇದೇ ಲೆಕ್ಕದೊಳಗೆ ಬರುತ್ತದೆ, ಅಲ್ವಾ? ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2022ರಿಂದ ಹೇಳುತ್ತಿದೆ. ನಿಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಮಾಡಿ ತೋರಿಸಿದ್ದಾರೆ. "ನನ್ನ ಮಗುವಿಗೆ ಕಾಂಗರೂ ಆರೈಕೆ ಯಾವತ್ತಿನಿಂದ ಮಾಡಬಹುದು?" ಅಂತ ಡಾಕ್ಟರನ್ನು ನೀನೇ ಕೇಳು.

ಮುಟ್ಟಲು ಹೆದರಿಕೆ ಅಂದೆ. ಮೊದಲು ಬಳೆ, ಉಂಗುರ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೋ. ಒಂದು ಕೈ ತಲೆಯ ಮೇಲೆ, ಇನ್ನೊಂದು ಪಾದಗಳ ಕೆಳಗೆ ಇಟ್ಟು ಸುಮ್ನೆ ಹಿಡಿದುಕೋ. ಸವರಬೇಡ, ತಟ್ಟಬೇಡ, ಇಷ್ಟು ಸಣ್ಣ ಮಕ್ಕಳಿಗೆ ಅದು ಕಿರಿಕಿರಿ. ಮೆಲ್ಲಗೆ ಮಾತಾಡಿಸು. ಹೊಟ್ಟೆಯಲ್ಲಿದ್ದಾಗಲೇ ಕೇಳಿದ ದನಿ ಅದು. ನನ್ನ ಮಗು ಅನ್ನುವ ಭಾವನೆ ಕೆಲವರಿಗೆ ಹೆತ್ತ ಕ್ಷಣ ಬರುತ್ತದೆ. ಎನ್‌ಐಸಿಯು ತಾಯಂದಿರಲ್ಲಿ ಎಷ್ಟೋ ಜನರಿಗೆ ಹೀಗೆ ಹಿಡಿದು ಹಿಡಿದು ನಿಧಾನಕ್ಕೆ ಬರುವುದನ್ನು ನಾನು ನೋಡಿದ್ದೇನೆ.

ಅಲ್ಲಿ ಮಾನಿಟರ್ ಕೂಗಿದಾಗಲೆಲ್ಲ ಜೀವ ಬಾಯಿಗೆ ಬರುತ್ತದೆ. ಮಗು ಕಾಲು ಆಡಿಸಿ ಸೆನ್ಸರ್ ಸರಿದರೂ ಅದು ಕೂಗುತ್ತದೆ. ಈ ಮಕ್ಕಳು ನಡುನಡುವೆ ಉಸಿರಾಡುವುದನ್ನು ಮರೆಯುವುದೂ ಉಂಟು. ಅದಕ್ಕೇ ಕೆಫೀನ್ ಔಷಧಿ ಕೊಡುತ್ತಾರೆ. ನೀನು ಪರದೆ ಬಿಟ್ಟು ಮಗುವಿನ ಬಣ್ಣ, ಎದೆ ನೋಡು. ತೂಕ ಇಳಿದದ್ದಕ್ಕೂ ಗಾಬರಿ ಬೇಡ. ಬೇಗ ಹುಟ್ಟಿದ ಮಕ್ಕಳು ಮೊದಲ ದಿನಗಳಲ್ಲಿ ಇಳಿದು, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳುತ್ತಾರೆ.

ಪಪ್ಪಾಯಿ ಮಾತು ಬಿಟ್ಟುಬಿಡು. ನಿನಗೆ ಆದದ್ದು ಬಸಿರಿನಲ್ಲಿ ಬರುವ ಬಿಪಿ. ಹಣ್ಣು ತಿಂದು ಅದು ಬರುವುದಿಲ್ಲ. ಆದರೆ ಹೆರಿಗೆ ಆದ ಮೇಲೂ ಅದು ಕಾಡಬಹುದು. ಗುಳಿಗೆ ತಪ್ಪಿಸಬೇಡ. ಜೋರು ತಲೆನೋವು ಬಂದರೆ, ಕಣ್ಣು ಮಂಜಾದರೆ ಆ ಕೂಡಲೇ ಡಾಕ್ಟರಿಗೆ ತೋರಿಸು.

ಅತ್ತೆಯವರನ್ನು ಬೈಯಬೇಡ. ಅವರಿಗೂ ಸೊಸೆಯ ಮೈ ಬಗ್ಗೆ ಚಿಂತೆ. ಹುಬ್ಬಳ್ಳಿಯಲ್ಲಿ ಒಂದು ರೂಮ್ ಮಾಡಿ ಅವರನ್ನೂ ಕರೆದುಕೊಂಡು ಹೋಗು. ಕಿವಿಗೆ ಬಟ್ಟೆ, ಬಿಸಿ ಊಟ, ಅವರ ಬಾಣಂತನ ಅಲ್ಲೇ ನಡೆಯಲಿ. ನೀನು ಊಟ ಮಾಡುವಾಗ ಅವರೂ ಮಗುವನ್ನು ಎದೆಗೆ ಹಾಕಿಕೊಳ್ಳಬಹುದು. ನಿನ್ನ ಗಂಡನೂ ಅಷ್ಟೇ. ಆ ಬೆಂಚಿನ ಮೇಲಿನಿಂದ ಅವರನ್ನು ಒಳಗೆ ಕರೆಸು. ದುಡ್ಡಿನ ಕಷ್ಟ ಇದ್ದರೆ, ಮಗು ಸ್ವಲ್ಪ ಸುಧಾರಿಸಿದ ಮೇಲೆ ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಸೇರಿಸಬಹುದಾ ಅಂತ ಕೇಳಿ. ಅಲ್ಲಿ ಚಿಕಿತ್ಸೆ ಉಚಿತ.

ಒಂದು ತಾರೀಕು ಮಾತ್ರ ಬರೆದಿಟ್ಟುಕೋ: ಹುಟ್ಟಿ 30 ದಿನ ಆಗುವುದರೊಳಗೆ ಕಣ್ಣಿನ ರೆಟಿನಾ ಪರೀಕ್ಷೆ. ಎರಡು ಕಿಲೋಗಿಂತ ಕಡಿಮೆ ಇರುವ ಮಕ್ಕಳಿಗೆ ಆರ್‌ಒಪಿ ಅನ್ನುವ ರೆಟಿನಾದ ತೊಂದರೆ ಬರಬಹುದು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ತಡವಾದರೆ ದೃಷ್ಟಿಯೇ ಹೋಗಬಹುದು. ಅಷ್ಟರೊಳಗೆ ಡಿಸ್ಚಾರ್ಜ್ ಆದರೂ ಇದನ್ನು ಬಿಡಬೇಡ. ಮನೆಗೆ ಬಂದ ಮೇಲೆ ಬಜೆ, ಜೇನು, ಮೂಗಿಗೆ ಎಣ್ಣೆ, ಸಾಂಬ್ರಾಣಿ ಹೊಗೆ ಯಾವುದೂ ಬೇಡ.

ಇನ್ನು ನಿನ್ನ ಮನಸ್ಸು. ಅಳು ಬರುವುದು ಸಹಜ. ಆದರೆ ಎರಡು ವಾರ ಕಳೆದರೂ ಏನೂ ಬೇಡ ಅನಿಸಿದರೆ, ಮಲಗಲು ಸಮಯ ಇದ್ದೂ ನಿದ್ದೆ ಬರದಿದ್ದರೆ, ಸಾಯುವ ಯೋಚನೆ ಒಮ್ಮೆ ಬಂದರೂ, ಅವತ್ತೇ ಗಂಡನಿಗೆ ಹೇಳು, ಡಾಕ್ಟರಿಗೆ ಹೇಳು. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.