ಇಂಜೆಕ್ಷನ್‌ಗೂ ಮುನ್ನ ನಿದ್ರೆ ಮತ್ತು ಸೊಂಟದ ಸುತ್ತಳತೆ

ಪ್ರಶ್ನೆ: ನನಗೆ 34 ವರ್ಷ, ಸಾಫ್ಟ್‌ವೇರ್ ಉದ್ಯೋಗಿ. ಅಮೆರಿಕದ ಗ್ರಾಹಕರೊಂದಿಗಿನ ಕರೆಗಳು ಮುಗಿದು ಮಲಗುವಾಗ ರಾತ್ರಿ ಎರಡಾಗುತ್ತದೆ, ಏಳು ಗಂಟೆಗೆ ಏಳಲೇಬೇಕು. ರಾತ್ರಿ ಹನ್ನೊಂದಕ್ಕೆ ಹೋಟೆಲಿನಿಂದ ತರಿಸಿ ತಿನ್ನುವುದೇ ಊಟ. ನಾಲ್ಕು ವರ್ಷಗಳಲ್ಲಿ ಪ್ಯಾಂಟಿನ ಅಳತೆ 34ರಿಂದ 38 ಇಂಚಿಗೆ ಏರಿದೆ. ಸದಾ ಸುಸ್ತು, ಲೈಂಗಿಕ ನಿರಾಸಕ್ತಿ ಇರುವುದರಿಂದ ಒಂದು ದಿನ ಮಧ್ಯಾಹ್ನ ಊಟದ ನಂತರ ರಕ್ತ ಪರೀಕ್ಷೆ ಮಾಡಿಸಿದೆ. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ 280 ಎಂದು ಬಂತು. ಜಿಮ್ ತರಬೇತುದಾರರು ಅದರ ಇಂಜೆಕ್ಷನ್ ಸೂಚಿಸುತ್ತಿದ್ದಾರೆ. ಮಗುವಿಗಾಗಿ ಒಂದು ವರ್ಷದಿಂದ ಪ್ರಯತ್ನಿಸುತ್ತಿದ್ದೇವೆ. ಯಾವ ಆಹಾರದಿಂದ ಇದು ಹೆಚ್ಚುತ್ತದೆ?
– ಹೆಸರು ಬೇಡ, ಬೆಂಗಳೂರು

ಉತ್ತರ: ಆಹಾರದ ಮಾತಿಗೆ ಮೊದಲು ಇಂಜೆಕ್ಷನ್ ವಿಷಯ ಹೇಳಿಬಿಡುತ್ತೇನೆ: ದಯವಿಟ್ಟು ತೆಗೆದುಕೊಳ್ಳಬೇಡಿ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸೂಚನೆಯಂತೆ ವೃಷಣಗಳು ಈ ಹಾರ್ಮೋನನ್ನು ತಯಾರಿಸುತ್ತವೆ. ಅದನ್ನು ಹೊರಗಿನಿಂದ ಚುಚ್ಚಿಸಿಕೊಂಡಾಗ ರಕ್ತದಲ್ಲಿ ಸಾಕಷ್ಟಿದೆಯೆಂದು ಪಿಟ್ಯುಟರಿ ಸುಮ್ಮನಾಗುತ್ತದೆ, ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಉತ್ಪಾದನೆ ಕುಸಿದು ಕೆಲವರಲ್ಲಿ ಪೂರ್ತಿ ನಿಂತೇಹೋಗುತ್ತದೆ. ನಿಲ್ಲಿಸಿದ ಮೇಲೂ ಅದು ಮರಳಲು ತಿಂಗಳುಗಳೇ ಹಿಡಿಯುತ್ತವೆ. ಮಗು ಬೇಕೆಂದು ಕಾಯುತ್ತಿರುವವರಿಗೆ ಇಂಥ ಸಲಹೆ ಕೊಡುವುದನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಇನ್ನು ಆ 280. ಟೆಸ್ಟೋಸ್ಟೆರಾನ್ ಮುಂಜಾನೆ ಏರಿ ಸಂಜೆಯತ್ತ ಇಳಿಯುತ್ತದೆ, ಊಟದ ನಂತರವೂ ಕೆಲಹೊತ್ತು ತಗ್ಗುತ್ತದೆ. ಡೆಸಿಲೀಟರಿಗೆ 300 ನ್ಯಾನೋಗ್ರಾಂ ಎಂಬ ಗಡಿಯನ್ನು 2018ರಲ್ಲಿ ಸೂಚಿಸಿದ ಅಮೆರಿಕದ ಮೂತ್ರರೋಗ ತಜ್ಞರ ಸಂಘವೇ, ಬೇರೆ ಬೇರೆ ಎರಡು ದಿನ ಬೆಳಿಗ್ಗೆ ಪರೀಕ್ಷಿಸಿದಾಗಲೂ ಕಡಿಮೆಯಿದ್ದು ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆಯೆಂದು ನಿರ್ಧರಿಸಬೇಕು ಎನ್ನುತ್ತದೆ. ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಐದು ಗಂಟೆಯ ನಿದ್ರೆ. ಈ ಹಾರ್ಮೋನಿನ ಬಹುಭಾಗ ಸ್ರವಿಸುವುದೇ ನಿದ್ರೆಯಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರಿಗೆ ಸುಮಾರು ಒಂದು ವಾರ ರಾತ್ರಿ ಐದೇ ಗಂಟೆ ನಿದ್ರೆಗೆ ಅವಕಾಶ ಕೊಟ್ಟಾಗ ಅವರ ಹಗಲಿನ ಮಟ್ಟ ಶೇ. 10ರಿಂದ 15ರಷ್ಟು ಇಳಿಯಿತು. ನೀವು ವರ್ಷಗಳಿಂದ ಹೀಗೆಯೇ ಮಲಗುತ್ತಿದ್ದೀರಿ. ವಾರದಲ್ಲಿ ಮೂರು ದಿನವಾದರೂ ಆ ಕರೆಗಳನ್ನು ಬೇರೆಯವರಿಗೆ ವಹಿಸಲು ಸಾಧ್ಯವೇ ಎಂದು ಮೇಲಧಿಕಾರಿಯನ್ನು ಕೇಳಿ. ಜೋರಾಗಿ ಗೊರಕೆ ಹೊಡೆಯುವಿರಾದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಎರಡನೆಯದು ಹೊಟ್ಟೆಯ ಬೊಜ್ಜು. ಕೊಬ್ಬಿನ ಅಂಗಾಂಶದಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನು ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತದೆ. ಭಾರತೀಯ ಪುರುಷರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದೆನ್ನುತ್ತಾರೆ; ನೀವು ದಾಟಿದ್ದೀರಿ. ತೂಕ ಇಳಿದಂತೆ ಹಾರ್ಮೋನ್ ತಾನಾಗಿಯೇ ಏರುವುದು ಸಾಮಾನ್ಯವಾದ್ದರಿಂದ ಧೈರ್ಯಗೆಡಬೇಕಿಲ್ಲ.

ಟೆಸ್ಟೋಸ್ಟೆರಾನ್ ಹೆಚ್ಚಿಸುವ ವಿಶೇಷ ತಿನಿಸು ಯಾವುದೂ ಇಲ್ಲ. ಸತು ಮಾತ್ರೆಗಳು ಸತುವಿನ ಕೊರತೆ ಇದ್ದವರಿಗಷ್ಟೇ ಉಪಯುಕ್ತ. ರಾತ್ರಿ ಎಂಟಕ್ಕೇ ಮುದ್ದೆ, ಹುರುಳಿ ಅಥವಾ ಸೊಪ್ಪಿನ ಸಾರು, ಒಂದು ಮೊಟ್ಟೆ ತಿಂದು ಕರೆಗೆ ಕುಳಿತರೆ ಹನ್ನೊಂದರ ಹೋಟೆಲ್ ಊಟ ಬೇಕಾಗುವುದಿಲ್ಲ. ಆದರೆ ಎಣ್ಣೆ, ತುಪ್ಪವನ್ನು ಪೂರ್ತಿ ಬಿಡಬೇಡಿ; ಕೊಬ್ಬಿನಂಶ ತೀರಾ ಕಡಿಮೆಯಾದರೂ ಹಾರ್ಮೋನ್ ಸ್ವಲ್ಪ ಇಳಿಯಬಹುದು. ಮದ್ಯಪಾನದ ಅಭ್ಯಾಸವಿದ್ದರೆ ನಿಲ್ಲಿಸಿ. ಜಿಮ್ ಮುಂದುವರಿಸಿ.

ಒಂದು ವರ್ಷವಾಗಿರುವುದರಿಂದ ನೀವು ವೀರ್ಯ ಪರೀಕ್ಷೆ ಮಾಡಿಸಿ, ದಂಪತಿ ಇಬ್ಬರೂ ತಜ್ಞರನ್ನು ಒಟ್ಟಿಗೇ ಕಾಣಿ.

ಪ್ರಶ್ನೆ: 19 ವರ್ಷದ ಮಗನಿಗೆ ಸೋಯಾ ಚಂಕ್ಸ್ ಪಲ್ಯ ಇಷ್ಟ. ಅದರಿಂದ ಗಂಡಸುತನ ಕುಗ್ಗುತ್ತದೆಯೆಂದು ಅವನ ಸ್ನೇಹಿತರು ಹೆದರಿಸುತ್ತಾರೆ. ನಿಜವೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಇಲ್ಲ, ತಾಯಿ. ಸೋಯಾದಲ್ಲಿ ಈಸ್ಟ್ರೋಜನ್ನನ್ನು ಹೋಲುವ ಐಸೊಫ್ಲೇವೋನ್‌ಗಳಿರುವುದರಿಂದ ಈ ಭಯ ಹುಟ್ಟಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪುರುಷರ ಟೆಸ್ಟೋಸ್ಟೆರಾನ್ ಮೇಲೆ ಅದರ ಪರಿಣಾಮ ಕಂಡುಬಂದಿಲ್ಲ. ವಾರಕ್ಕೆರಡು ಬಾರಿ ನಿಶ್ಚಿಂತೆಯಿಂದ ಮಾಡಿ ಬಡಿಸಿ.