ಜೀಬ್ರಾ ಪಟ್ಟೆ ಯಾರ ಜಾಗ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೊಮ್ಮಗಳನ್ನು ಶಾಲೆಗೆ ಬಿಡಲು ದೊಡ್ಡ ರಸ್ತೆ ದಾಟಬೇಕು. ಜೀಬ್ರಾ ಪಟ್ಟೆ ಇದೆ, ಸಿಗ್ನಲ್ ಇಲ್ಲ. ಪಟ್ಟೆಯ ಮೇಲೆ ಕಾಲಿಟ್ಟರೂ ಗಾಡಿಯವರು ನಿಲ್ಲಿಸುವುದಿಲ್ಲ, ಹಾರ್ನ್ ಹೊಡೆಯುತ್ತಾರೆ. ತಪ್ಪು ನನ್ನದೇ?
– ಅಜ್ಜಿ, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಅಲ್ಲಮ್ಮ. ಸಿಗ್ನಲ್ ಇಲ್ಲದ ಕಡೆ ವೇಗ ತಗ್ಗಿಸಿ, ನಿಲ್ಲಿಸಿ, ನಡೆಯುವವರಿಗೆ ದಾರಿ ಬಿಡಬೇಕೆಂದು 2017ರ ಮೋಟಾರು ವಾಹನ ಚಾಲನಾ ವಿನಿಯಮಗಳೇ ಹೇಳುತ್ತವೆ. ಮುಂದೆ ಟ್ರಾಫಿಕ್ ಕಟ್ಟಿಕೊಂಡಿದ್ದರೆ ಗಾಡಿಯನ್ನು ಪಟ್ಟೆಯ ಮೇಲೆ ತಂದು ನಿಲ್ಲಿಸುವಂತೆಯೂ ಇಲ್ಲ. ನಾನು ಡ್ರೈವಿಂಗ್ ಕಲಿಸುವವಳು. ಕಲಿಯಲು ಬಂದವರನ್ನು ಗಾಡಿಯಿಂದ ಇಳಿಸಿ, ಇಂಥದೊಂದು ಪಟ್ಟೆಯನ್ನು ನಡೆದು ದಾಟಿಸುತ್ತೇನೆ. ನಲವತ್ತರಲ್ಲಿ ಬರುವ ಬೈಕು ನಡೆಯುವವರಿಗೆ ಹೇಗೆ ಕಾಣುತ್ತದೆಂದು ಆಗಲೇ ಅವರಿಗೆ ಗೊತ್ತಾಗುವುದು.

ಆದರೂ ಬಸ್ಸೊಂದು ನಿಂತಿತೆಂದು ಒಂದೇ ಉಸಿರಿಗೆ ದಾಟಬೇಡಿ. ಬಸ್ಸಿನ ಮೂತಿಯ ಅಂಚಿಗೆ ಬಂದಾಗ ನಿಂತು, ಪಕ್ಕದ ಲೇನನ್ನು ಇಣುಕಿ ನೋಡಿ. ಬಸ್ಸಿನ ಮರೆಯಲ್ಲಿ ನುಗ್ಗಿ ಬರುವ ಸ್ಕೂಟರಿನವರಿಗೆ ನೀವು ಕಾಣುವುದಿಲ್ಲ. ಗಾಡಿ ಓಡಿಸುವವರೂ ಕೇಳಿ: ಮುಂದಿನ ಗಾಡಿ ಜೀಬ್ರಾ ಹತ್ತಿರ ನಿಂತಿದ್ದರೆ ಯಾರೋ ದಾಟುತ್ತಿದ್ದಾರೆಂದೇ ತಿಳಿದು ನೀವೂ ನಿಲ್ಲಿಸಿ.

ಸಿಗ್ನಲ್ ಇರುವಲ್ಲಿ ಪಟ್ಟೆಗಳಿಗಿಂತ ಮುಂಚೆ ಅಡ್ಡಕ್ಕೆ ಎಳೆದ ದಪ್ಪ ಬಿಳಿ ಗೆರೆಯೇ ಸ್ಟಾಪ್ ಲೈನ್. ಮುಂದಿನ ಚಕ್ರ ಅದರ ಹಿಂದೆಯೇ ಇರಬೇಕು. ಕೆಂಪು ದೀಪ ಇದ್ದಾಗಲೂ ಇಂಚಿಂಚೇ ಮುಂದೆ ಸರಿದು ಪಟ್ಟೆ ಮುಚ್ಚಿಬಿಟ್ಟರೆ, ವೀಲ್‌ಚೇರಿನಲ್ಲಿ ಬಂದವರು ಎಲ್ಲಿ ಹೋಗಬೇಕು? ಜಂಕ್ಷನ್ ನಡುವಿಗೇ ಇಳಿಯಬೇಕಾಗುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಘಾಟಿ ರಸ್ತೆಯ ಮಧ್ಯೆ ಜೋಡಿ ಹಳದಿ ಗೆರೆ. ಒಂದು ನಿರಂತರ, ಇನ್ನೊಂದು ತುಂಡು ತುಂಡು. ಓವರ್‌ಟೇಕ್ ಮಾಡಬಹುದೇ?
– ಓದುಗರು, ಮಡಿಕೇರಿ

ಉತ್ತರ: ನಿಮ್ಮ ಕಡೆಗಿರುವ ಗೆರೆಯನ್ನಷ್ಟೇ ನೋಡಿ. ಅದು ತುಂಡು ತುಂಡಾಗಿದ್ದು, ಎದುರು ದಾರಿ ಖಾಲಿಯಿದ್ದರೆ ದಾಟಬಹುದು. ನಿರಂತರವಾಗಿದ್ದರೆ ದಾಟುವಂತಿಲ್ಲ. ತಿರುವಿನಲ್ಲಿ ಹತ್ತುವವರಿಗೂ ಇಳಿಯುವವರಿಗೂ ಮುಂದಿನ ದಾರಿ ಒಂದೇ ಸಮ ಕಾಣುವುದಿಲ್ಲವಲ್ಲ, ಅದಕ್ಕೇ ಈ ಏರ್ಪಾಡು. ಎರಡೂ ನಿರಂತರವಾಗಿದ್ದರೆ ಇಬ್ಬರಿಗೂ ಇಲ್ಲ.

ಪ್ರಶ್ನೆ: ನಾನು ಆಫೀಸಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ. ಸೈಕಲ್ ಲೇನಿನಲ್ಲಿ ಕಾರು ನಿಲ್ಲಿಸಿರುತ್ತಾರೆ. ಮಳೆ ಬಂದರೆ ಬಿಳಿ ಗೆರೆಗಳ ಮೇಲೆ ಚಕ್ರ ಜಾರುತ್ತದೆ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಫುಟ್‌ಪಾತ್ ಮೇಲಾಗಲಿ ಸೈಕಲ್ ಟ್ರ್ಯಾಕ್ ಮೇಲಾಗಲಿ ಮೋಟಾರು ಗಾಡಿ ಓಡಿಸುವಂತಿಲ್ಲ. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಲೇನಿಗೆ ಬರೀ ಗೆರೆ ಸಾಲದೆಂದು ಬೊಲಾರ್ಡ್‌ಗಳನ್ನೂ (ಗಿಡ್ಡ ಕಂಬಗಳನ್ನೂ) ನೆಟ್ಟರು. ಗೆರೆಯೊಂದೇ ಇರುವಲ್ಲಿ ಕಾರು ಅಡ್ಡ ನಿಂತಿದ್ದರೆ, ಹತ್ತಿರ ಹೋಗುವವರೆಗೂ ಕಾಯದೆ ದೂರದಿಂದಲೇ ಹಿಂದೆ ನೋಡಿ, ಬಲಗೈ ಚಾಚಿ, ಹೊರಗೆ ಬನ್ನಿ. ಕಾರಿನ ಬಾಗಿಲು ಪೂರ್ತಿ ತೆರೆದರೂ ತಗುಲದಷ್ಟು ಅಂತರ ಬಿಡಿ.

ಜಾರುವುದಕ್ಕೆ ಕಾರಣ ಗೆರೆ ಎಳೆಯಲು ಬಳಸುವ ಥರ್ಮೋಪ್ಲಾಸ್ಟಿಕ್, ಅಂದರೆ ಬಿಸಿಗೆ ಕರಗಿ ತಣಿದಾಗ ಗಟ್ಟಿಯಾಗುವ ವಸ್ತು. ಕಾಯಿಸಿ ಕರಗಿಸಿದ ಅದನ್ನು ಸುಮಾರು 2.5 ಮಿಲಿಮೀಟರ್ ದಪ್ಪಕ್ಕೆ ಎಳೆದು, ಬಿಸಿಯಿರುವಾಗಲೇ ಮೇಲೆ ಗಾಜಿನ ಸಣ್ಣ ಮಣಿಗಳನ್ನು ಉದುರಿಸುತ್ತಾರೆ. ರಾತ್ರಿ ಹೆಡ್‌ಲೈಟಿಗೆ ಗೆರೆ ಹೊಳೆಯುವುದು ಆ ಮಣಿಗಳಿಂದ. ಆದರೆ ಒದ್ದೆಯಾದಾಗ ಡಾಂಬರಿನಷ್ಟು ಹಿಡಿತ ಅದಕ್ಕಿಲ್ಲ. ಆದ್ದರಿಂದ ಬ್ರೇಕನ್ನು ಗೆರೆಗೆ ಮುಂಚೆ, ಡಾಂಬರಿನ ಮೇಲಿರುವಾಗಲೇ ಹಿಡಿಯಿರಿ. ಗೆರೆಯ ಮೇಲೆ ಹ್ಯಾಂಡಲ್ ತಿರುಗಿಸಬೇಡಿ, ನೇರಕ್ಕೆ ದಾಟಿಕೊಂಡ ಮೇಲೆ ತಿರುಗಿಸಿ.