ಓದುಗರ ಗ್ಯಾರೇಜ್: ಮನೆಯಲ್ಲೇ ಕಿಟ್ ಸ್ಪೋರ್ಟ್ಸ್ ಕಾರು

ಪ್ರಶ್ನೆ: ಬೈಕ್ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ, ಆದರೆ ವೆಲ್ಡಿಂಗ್ ಬರುವುದಿಲ್ಲ. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವ ಕಿಟ್ ಕಾರಿಗೆ ಕೈ ಹಾಕಬಹುದೇ? ಎಷ್ಟು ಜಾಗ ಬೇಕಾಗುತ್ತದೆ?

ಉತ್ತರ: ಧಾರಾಳವಾಗಿ ಕೈ ಹಾಕಿ. ವೆಲ್ಡಿಂಗ್ ಮುಗಿದ ಚಾಸಿಯನ್ನೇ (ಕಾರಿನ ಚೌಕಟ್ಟು) ಕೊಂಡರೆ ಉಳಿಯುವುದು ನಟ್ಟು-ಬೋಲ್ಟು, ರಿವೆಟ್ಟು, ಪೈಪು, ವೈರಿನ ಕೆಲಸ. ಕಿಟ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಎಲ್ಲ ಭಾಗಗಳೂ ಹೊಸದಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಇನ್ನೊಂದರಲ್ಲಿ ಚಾಸಿ ಮತ್ತು ಬಾಡಿ ಮಾತ್ರ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸ್ಟೀರಿಂಗ್ ರ‍್ಯಾಕ್‌ಗಳನ್ನು ಹಳೆಯ ಕಾರಿನಿಂದ ಬಿಚ್ಚಿಕೊಳ್ಳಬೇಕು. ಎರಡನೆಯ ದಾರಿ ಹಿಡಿದರೆ ಒಂದೇ ಕಾರನ್ನು ಇಡಿಯಾಗಿ ಕೊಳ್ಳಿ. ಎಂಜಿನ್ ಒಂದು ಕಡೆಯಿಂದ, ಗೇರ್‌ಬಾಕ್ಸ್ ಇನ್ನೊಂದು ಕಡೆಯಿಂದ ತಂದರೆ ಕ್ಲಚ್ ಪ್ಲೇಟಿನ ಹಲ್ಲು ಹೊಂದದಿರುವುದು, ಬೋಲ್ಟಿನ ತೂತು ಕೂಡದಿರುವುದು ಇಂಥವೇ ತಿಂಗಳುಗಟ್ಟಲೆ ಕಾಡುತ್ತವೆ.

ಮೊದಲ ಸಲಕ್ಕೆ 1957ರಲ್ಲಿ ಬಂದ ಲೋಟಸ್ ಸೆವೆನ್ ಮಾದರಿಯ ಕಾರೇ ವಾಸಿ: ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಚಾಲನೆ, ಉಕ್ಕಿನ ಕೊಳವೆಗಳ ಚಾಸಿ, ಮೇಲೆ ಅಲ್ಯೂಮಿನಿಯಂ ಹಾಳೆ. ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಬೀಳುತ್ತಿದ್ದ ಖರೀದಿ ತೆರಿಗೆ ಆಗ ಕಿಟ್‌ಗೆ ಬೀಳುತ್ತಿರಲಿಲ್ಲ, ಹಾಗಾಗಿ ಅದು ಹೆಚ್ಚಾಗಿ ಬಿಡಿಭಾಗಗಳಾಗಿ ಮಾರಾಟವಾಯಿತು. 1973ರಿಂದ ಆ ವಿನ್ಯಾಸ ಕೇಟರ್‌ಹ್ಯಾಮ್ ಕಂಪನಿಯ ಕೈಯಲ್ಲಿದೆ. ಕಾರಿನ ಯಾವ ಮೂಲೆಗೂ ಕೈ ಹೋಗುತ್ತದೆ, ಎಂಜಿನ್ ಬಿಟ್ಟರೆ ಬಹುಪಾಲು ಭಾಗಗಳನ್ನು ಇಬ್ಬರು ಎತ್ತಬಹುದು.

ಕಾರಿನ ಉದ್ದ ಹೆಚ್ಚುಕಡಿಮೆ 3.3 ಮೀಟರ್, ಅಗಲ 1.6 ಮೀಟರ್. ಸುತ್ತ ಒಂದೊಂದು ಮೀಟರ್ ಬಿಟ್ಟರೆ ಆರಾಮಾಗಿ ಓಡಾಡಬಹುದು. ಎತ್ತಿದ ಕಾರನ್ನು ಹೊತ್ತು ನಿಲ್ಲುವ ನಾಲ್ಕು ಆಕ್ಸಲ್ ಸ್ಟ್ಯಾಂಡ್ ಕಡ್ಡಾಯ. ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕಲೇಬೇಡಿ. ಹಣ ಕೊಡುವ ಮೊದಲು ನಿಮ್ಮಲ್ಲಿ ನೋಂದಣಿಯ ನಿಯಮ ಏನೆಂದು ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ. ಪ್ರತಿ ಭಾಗದ ಬಿಲ್ಲು, ಪ್ರತಿ ಹಂತದ ಫೋಟೋ ಇಟ್ಟುಕೊಳ್ಳಿ.

ಪ್ರಶ್ನೆ: ಬಣ್ಣವಿಲ್ಲದ ಚಾಸಿ ಬಂದಿದೆ, ಅಲ್ಲಲ್ಲಿ ತುಕ್ಕು ಕಾಣುತ್ತಿದೆ. ಮೊದಲು ಪೌಡರ್ ಕೋಟಿಂಗ್ (ಪುಡಿ ಬಣ್ಣ ಎರಚಿ ಕಾಯಿಸಿ ಕೂರಿಸುವುದು) ಮಾಡಿಸಿಬಿಡಲೇ?

ಉತ್ತರ: ಈಗಲೇ ಬೇಡ. ಮೇಲುಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಕೋಟಿಂಗ್ ಆದಮೇಲೆ ಕೊರೆದ ತೂತಿನ ಅಂಚಿನಿಂದ ಒಳಗೊಳಗೇ ಹರಡುವ ತುಕ್ಕು ಹಾಗಲ್ಲ.

ಮೊದಲು ಚಾಸಿಯನ್ನು ಮಟ್ಟವಾಗಿ ಇಟ್ಟು ಎರಡು ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ 3 ಮಿಲಿಮೀಟರ್ ದಾಟಿದರೆ ತಯಾರಕರಿಗೆ ವಾಪಸ್ ಹೇಳಿ. ಆಮೇಲೆ ಎಲ್ಲವನ್ನೂ ಒಮ್ಮೆ ಸಡಿಲವಾಗಿ ಜೋಡಿಸಿ ನೋಡಿ: ಎಂಜಿನ್, ಗೇರ್‌ಬಾಕ್ಸ್, ಪೆಡಲ್‌ಗಳು, ಸ್ಟೀರಿಂಗ್, ಪೆಟ್ರೋಲ್ ಟ್ಯಾಂಕ್, ರೇಡಿಯೇಟರ್, ಸೀಟು. ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳಿನ, ಅಂದರೆ ವಿಷ್‌ಬೋನಿನ, ಬೋಲ್ಟುಗಳು ಕೈಯಲ್ಲೇ ಒಳಹೋಗಬೇಕು. ಸುತ್ತಿಗೆ ಬೇಕಾಯಿತೆಂದರೆ ಬ್ರ್ಯಾಕೆಟ್ಟು ಓರೆಯಾಗಿದೆ ಎಂದರ್ಥ. ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಸೀಟಿನಲ್ಲಿ ಕೂತು ನೋಡಿ. ಈ ಕಾರುಗಳಲ್ಲಿ ಕಾಲಿಡುವ ಜಾಗ ಇಕ್ಕಟ್ಟು, ಬ್ರೇಕ್ ಒತ್ತುವ ಕಾಲು ಆಕ್ಸಿಲರೇಟರಿಗೂ ತಾಗುವುದುಂಟು. ಬೇಕಾದ ತೂತೆಲ್ಲ ಕೊರೆದು, ಮತ್ತೆ ಬಿಚ್ಚಿ, ಆಗ ಕೋಟಿಂಗಿಗೆ ಕೊಡಿ.

ಬುಷ್ (ಕೀಲಿನೊಳಗಿನ ರಬ್ಬರಿನಂಥ ಬಳೆ) ಕೂರುವ ಕೊಳವೆ, ಮರೆಗಳಿರುವ (ಒಳಗೆ ತಿರುಪಿನ ಗೆರೆಗಳಿರುವ) ತೂತು, ಅರ್ಥ್ ವೈರಿನ ಜಾಗ, ಬೋಲ್ಟಿನ ತಲೆ ಒತ್ತುವ ಜಾಗ ಇವಕ್ಕೆಲ್ಲ ಟೇಪು ಹಚ್ಚಿಸಿ. ಬೋಲ್ಟಿನಡಿ ಸಿಕ್ಕಿಕೊಂಡ ಕೋಟಿಂಗ್ ದಿನ ಕಳೆದಂತೆ ನಜ್ಜುಗುಜ್ಜಾಗಿ ತೆಳುವಾಗುತ್ತದೆ, ಬಿಗಿದ ಬೋಲ್ಟು ತಾನಾಗಿ ಸಡಿಲಾಗುತ್ತದೆ.

ಪ್ರಶ್ನೆ: ಫೈಬರ್ ಮಡ್‌ಗಾರ್ಡ್ ಕೊರೆದರೆ ತೂತಿನ ಸುತ್ತ ನಕ್ಷತ್ರದಂತೆ ಬಿರುಕು ಬಿಡುತ್ತಿದೆ.

ಉತ್ತರ: ಹೊರಪದರದ ಜೆಲ್‌ಕೋಟ್ ಗಾಜಿನಂತೆ ಗಡುಸು. ಅದರ ಮೇಲೆ ಟೇಪು ಅಂಟಿಸಿ, ಡ್ರಿಲ್ಲನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ ಪದರ ಸವೆಸಿ, ಆಮೇಲೆ ನಿಧಾನವಾಗಿ ಮುಂದಕ್ಕೆ ಕೊರೆಯಿರಿ. ತೂತು ಬೋಲ್ಟಿಗಿಂತ ಒಂದು ಮಿಲಿಮೀಟರ್ ದೊಡ್ಡದಿರಲಿ, ಒಳಗೆ ಅಗಲವಾದ ವಾಷರ್, ಹೊರಗೆ ರಬ್ಬರ್ ವಾಷರ್ ಕೊಡಿ. ಬಿಗಿಯುವುದು ಹಿತಮಿತವಾಗಿರಲಿ. ಫೈಬರ್ ಧೂಳು ಶ್ವಾಸಕ್ಕೆ ಹೋಗಬಾರದು, ಮಾಸ್ಕ್ ಮರೆಯಬೇಡಿ.

ಪ್ರಶ್ನೆ: ಬ್ರೇಕಿನ ಗಾಳಿ ತೆಗೆಯುವುದರಲ್ಲೇ ಎರಡು ಲೀಟರ್ ಬ್ರೇಕ್ ಆಯಿಲ್ ಖರ್ಚಾಯಿತು, ಪೆಡಲ್ ಇನ್ನೂ ಸ್ಪಂಜಿನಂತೆ ಮೆತ್ತಗಿದೆ. ಎಲ್ಲೂ ಸೋರಿಕೆ ಕಾಣುತ್ತಿಲ್ಲ.

ಉತ್ತರ: ಮುಂದಿನ ಚಕ್ರಗಳನ್ನು ಬಿಚ್ಚಿ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ನೋಡಿ. ಗಾಳಿ ಬಿಡುವ ನಿಪ್ಪಲ್ ಮೇಲಿದೆಯೋ ಕೆಳಗಿದೆಯೋ? ಎಡ-ಬಲ ಅದಲು ಬದಲಾಗಿ ಕೂರಿಸಿದ ಕ್ಯಾಲಿಪರಿನಲ್ಲಿ ನಿಪ್ಪಲ್ ಕೆಳಗಾಗುತ್ತದೆ. ಆಗ ಮೇಲ್ಭಾಗದಲ್ಲಿ ನಿಂತ ಗಾಳಿ, ಎಷ್ಟು ಆಯಿಲ್ ಸುರಿದರೂ ಹೊರಬರುವುದಿಲ್ಲ. ಬೋಲ್ಟು ಹಾಕಿದರೆ ಎರಡೂ ಕಡೆ ಸರಿಯಾಗಿ ಕೂರುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿ ಕಟ್ಟಿದ ಕಾರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಅದು ಸರಿಯಿದ್ದರೆ ಪೆಡಲ್ಲೇ ಸುಳಿವು ಕೊಡುತ್ತದೆ. ಎರಡು ಮೂರು ಸಲ ಬೇಗಬೇಗ ಒತ್ತಿದಾಗ ಮೇಲಕ್ಕೆ ಬಂದು ಗಟ್ಟಿಯಾದರೆ, ಹಿಂದಿನ ಡ್ರಮ್ಮಿನ ಲೈನರ್ ದೂರವಿದೆ ಅಥವಾ ಇನ್ನೂ ಗಾಳಿಯಿದೆ. ಲೈನರನ್ನು ಡ್ರಮ್ಮಿಗೆ ತಾಗುವವರೆಗೆ ಹತ್ತಿರ ಮಾಡಿ, ಚಕ್ರ ತಿರುಗುವಷ್ಟು ಹಿಂದೆ ಬಿಡಿ, ಮತ್ತೆ ಗಾಳಿ ತೆಗೆಯಿರಿ. ಒಂದೇ ಸಮನೆ ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲು ಹೋಗಿದೆ, ಇಲ್ಲವೇ ಯಾವುದೋ ಜಾಯಿಂಟ್ ಒಸರುತ್ತಿದೆ. ಒಣ ಟಿಶ್ಯೂ ಕಾಗದವನ್ನು ಒಂದೊಂದೇ ಜಾಯಿಂಟಿಗೆ ಸುತ್ತಿ, ಒಬ್ಬರು ಪೆಡಲ್ ಒತ್ತಿ ಹಿಡಿದಿರಲಿ. ಕಣ್ಣಿಗೆ ಕಾಣದ ಒಸರು ಕಾಗದದಲ್ಲಿ ಚುಕ್ಕೆಯಾಗಿ ಮೂಡುತ್ತದೆ.

ಒಸರುವ ಜಾಯಿಂಟ್ ಸಿಕ್ಕರೆ ಇನ್ನಷ್ಟು ಬಿಗಿಯಬೇಡಿ, ಬಿಚ್ಚಿ ನೋಡಿ. ಪೈಪಿನ ಅಗಲಿಸಿದ ತುದಿಯಲ್ಲಿ, ಅಂದರೆ ಫ್ಲೇರ್‌ನಲ್ಲಿ, ಎರಡು ಬಗೆ ಸಾಮಾನ್ಯ: ಒಂದು ಅಣಬೆಯ ತಲೆಯಂತೆ ಉಬ್ಬಿರುತ್ತದೆ, ಇನ್ನೊಂದು ಆಲಿಕೆಯಂತೆ ಅಗಲವಾಗಿ ಒಳಕ್ಕೆ ಎರಡು ಮಡಿಕೆಯಾಗಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಿಸಿದರೆ ಮರೆ ಹಿಡಿದರೂ ಸೀಲ್ ಆಗುವುದಿಲ್ಲ.

ಇನ್ನು ಸಿಲಿಂಡರಿನ ಅಳತೆ. 19.05 ಮಿಲಿಮೀಟರ್ ವ್ಯಾಸದ ಮಾಸ್ಟರ್ ಸಿಲಿಂಡರ್ ಬದಲು 22.2ರದ್ದು ಹಾಕಿದರೆ ಪೆಡಲ್ ಓಟ ಕಮ್ಮಿಯಾಗಿ ಗಟ್ಟಿ ಅನ್ನಿಸುತ್ತದೆ, ಆದರೆ ಅಷ್ಟೇ ಬ್ರೇಕಿಗೆ ಸುಮಾರು 36 ಪ್ರತಿಶತ ಹೆಚ್ಚು ಬಲ ಹಾಕಬೇಕು. ಸರ್ವೋ (ಬ್ರೇಕ್ ಒತ್ತಲು ಕಾಲಿಗೆ ನೆರವಾಗುವ ಸಾಧನ) ಇಲ್ಲದ ಹಗುರ ಕಾರಿನಲ್ಲಿ ಕಾಲಿಗೆ ಇದು ಭಾರ. ಗಾಳಿಯನ್ನು ಮರೆಮಾಚಲು ಸಿಲಿಂಡರ್ ದೊಡ್ಡದು ಮಾಡುವುದು ಅಪಾಯದ ಕೆಲಸ, ದಯವಿಟ್ಟು ಮಾಡಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಮುಂದಿನ ಚಕ್ರಗಳೇ ಮೊದಲು ಲಾಕ್ ಆಗಬೇಕು. ಹಿಂದಿನವು ಮೊದಲು ನಿಂತರೆ ಕಾರು ಗಿರ್ರನೆ ತಿರುಗುತ್ತದೆ. ಈ ಪರೀಕ್ಷೆ ಜನ-ವಾಹನವಿಲ್ಲದ ಬಯಲಿನಲ್ಲಿ, ಕಡಿಮೆ ವೇಗದಿಂದ ಶುರುವಾಗಲಿ. ಚೆಲ್ಲಿದ ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಪ್ರಶ್ನೆ: ಸಾವಿರ ಕಿಲೋಮೀಟರ್ ಓಡುವ ಮೊದಲೇ ವಿಷ್‌ಬೋನಿನ ಹೊಸ ರಬ್ಬರ್ ಬುಷ್‌ಗಳು ಹರಿದುಹೋದವು. ಮಾಲು ಕಳಪೆಯೇ?

ಉತ್ತರ: ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗ ಬೋಲ್ಟು ಬಿಗಿದಿದ್ದೀರಾ ನೋಡಿ. ಈ ಬುಷ್ಷಿನಲ್ಲಿ ರಬ್ಬರು ಒಳ-ಹೊರ ಎರಡೂ ಉಕ್ಕಿನ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಬೋಲ್ಟು ಬಿಗಿದಾಗ ಒಳಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ. ಮುಂದೆ ವಿಷ್‌ಬೋನ್ ಆಡುವುದೆಲ್ಲ ರಬ್ಬರು ತಿರುಚಿಕೊಳ್ಳುವುದರಿಂದಲೇ. ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಹಳ್ಳ ಸಿಕ್ಕಾಗ ಇನ್ನಷ್ಟು ತಿರುಚಿ ಹರಿಯುತ್ತದೆ.

ಹೊಸ ಬುಷ್ ಹಾಕಿ ಬೋಲ್ಟುಗಳನ್ನು ಸಡಿಲವಾಗಿಯೇ ಬಿಡಿ. ಕಾರನ್ನು ನೆಲಕ್ಕಿಳಿಸಿ, ಸೀಟಿನ ಮೇಲೆ ನಿಮ್ಮ ತೂಕದಷ್ಟು ಮರಳಿನ ಚೀಲ ಇಟ್ಟು, ಮುಂದಕ್ಕೂ ಹಿಂದಕ್ಕೂ ತಳ್ಳಿ, ಮೂಲೆಗಳನ್ನು ಅದುಮಿ ಬಿಡಿ. ಎತ್ತರ ಸರಿಪಡಿಸಿಕೊಂಡು ಅದೇ ಸ್ಥಿತಿಯಲ್ಲಿ ಬಿಗಿಯಿರಿ. ಕಿಟ್ ಜೊತೆಗಿನ ಪಟ್ಟಿಯಲ್ಲಿ ಹೇಳಿದ ಟಾರ್ಕೇ (ಬೋಲ್ಟು ತಿರುಗಿಸಿ ಬಿಗಿಯುವ ಬಲ) ಅಂತಿಮ, ಅಂದಾಜಿಗೆ, 8.8 ದರ್ಜೆಯ 12 ಮಿಲಿಮೀಟರ್ ಬೋಲ್ಟಿಗೆ 80 ನ್ಯೂಟನ್ ಮೀಟರ್ ಆಸುಪಾಸು. ಪಾಲಿಯುರೆಥೇನ್ ಬುಷ್‌ಗಳಿಗೆ ಈ ಕಷ್ಟವಿಲ್ಲ, ಅವು ಕೊಳವೆಯ ಮೇಲೆ ತಿರುಗುತ್ತವೆ. ಅವಕ್ಕೆ ಬೇಕಾದದ್ದು ಸರಿಯಾದ ಗ್ರೀಸು.

ಪ್ರಶ್ನೆ: ಸೆಲ್ಫ್ ಹೊಡೆದರೆ ಎಂಜಿನ್ ತೇಕುತ್ತಾ ತಿರುಗುತ್ತದೆ, ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತದೆ. ಬ್ಯಾಟರಿ ಹೊಸದು.

ಉತ್ತರ: ತಕ್ಷಣ ನಿಲ್ಲಿಸಿ. ಎಂಜಿನ್‌ನಿಂದ ಚಾಸಿಗೆ ಅರ್ಥ್ ಇಲ್ಲ ಅಥವಾ ಕೋಟಿಂಗ್ ಮೇಲೆಯೇ ಕೂತಿದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲಿರುವುದರಿಂದ ಸ್ಟಾರ್ಟರಿನ ನೂರಾರು ಆಂಪಿಯರ್ ಕರೆಂಟು ಆ ಸಣ್ಣ ಕೇಬಲ್ ಹಿಡಿದು ವಾಪಸಾಗುತ್ತಿದೆ. ಕೇಬಲ್ ಸುಟ್ಟು ಆಕ್ಸಿಲರೇಟರ್ ತೆರೆದಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಬ್ಯಾಟರಿ ಕೇಬಲಿನಷ್ಟೇ ದಪ್ಪದ ಅರ್ಥ್ ಪಟ್ಟಿಯನ್ನು, ಲೋಹ ಹೊಳೆಯುವಂತೆ ಕೆರೆದ ಜಾಗಕ್ಕೆ ಬಿಗಿದು, ಮೇಲೆ ಗ್ರೀಸು ಸವರಿ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟಿನೊಳಗಿದ್ದರೆ ಚೆನ್ನ, ಅರ್ಧ ವೋಲ್ಟ್ ದಾಟಿದರೆ ಇನ್ನೂ ಎಲ್ಲೋ ತಡೆಯಿದೆ.

ಪ್ರಶ್ನೆ: ಮೊದಲ ಓಟ ಮುಗಿಯಿತು. ಯಾವುದನ್ನು ಮತ್ತೆ ಬಿಗಿಯಬೇಕು?

ಉತ್ತರ: 50 ಕಿಲೋಮೀಟರಿಗೆ ಚಕ್ರದ ನಟ್ಟು, ಸಸ್ಪೆನ್ಷನ್, ಸ್ಟೀರಿಂಗ್, ಪ್ರೊಪೆಲ್ಲರ್ ಶಾಫ್ಟು (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ದಂಡ), ಎಂಜಿನ್ ಮೌಂಟಿಂಗ್, 500ಕ್ಕೆ ಇನ್ನೊಮ್ಮೆ. ಒಮ್ಮೆ ಬಿಚ್ಚಿದ ನೈಲಾಕ್ ನಟ್ಟನ್ನು (ಸಡಿಲಾಗದಂತೆ ಒಳಗೆ ನೈಲಾನ್ ಉಂಗುರವಿರುವುದು) ಈ ಜಾಗಗಳಲ್ಲಿ ಮತ್ತೆ ಬಳಸಬೇಡಿ. ಬಿಗಿದ ಪ್ರತಿ ನಟ್ಟಿನಿಂದ ಬೋಲ್ಟಿನ ಮೇಲೆ ಹಾಯುವಂತೆ ಪೇಂಟ್ ಪೆನ್ನಿನ ಒಂದು ಗೆರೆ ಎಳೆಯಿರಿ. ಮುಂದೆ ಸ್ಪ್ಯಾನರ್ ಹಿಡಿಯದೆ, ಟಾರ್ಚ್ ಬೆಳಕು ಬಿಟ್ಟು ನೋಡಿದರೂ ಗೆರೆ ಮುರಿದಿದ್ದರೆ ನಟ್ಟು ಅಲುಗಿದೆಯೆಂದು ಗೊತ್ತಾಗುತ್ತದೆ.